ಗಾಲಿಯ ಹಿಂದೆ ಅಡಗಿದ ಬಿಲ್ಲೆ

ಊರಿಗೆ ಸ್ವಂತ ಕಾರಿನಲ್ಲಿ ಹೋಗಿ ಮನೆಯಂಗಳದಲ್ಲಿ ಇಳಿಯಬೇಕೆಂಬುದು ಪರಊರಿನಲ್ಲಿ ದುಡಿಯುವ ನಮ್ಮವರಲ್ಲಿ ಬಹುಜನರ ಬಯಕೆ. ಅದನ್ನು ಬರಿಯ ಪ್ರತಿಷ್ಠೆಯ ಮಾತೆಂದು ನಾವು ತಿಳಿಯುವುದಿಲ್ಲ. ವರ್ಷಕ್ಕೊಮ್ಮೆ ಸಿಗುವ ರಜೆಯಲ್ಲಿ ವೃದ್ಧರಾದ ತಾಯಿತಂದೆಗಳನ್ನು ದೇವಸ್ಥಾನಕ್ಕೆ ಕರೆದೊಯ್ಯಲು, ಮಕ್ಕಳನ್ನು ಅಜ್ಜನ ಮನೆಯಿಂದ ಸೋದರಮಾವನ ಮನೆಗೆ ಕರೆತರಲು, ವಾಹನವೊಂದು ಕೈಯಲ್ಲಿದ್ದರೆ ಎಷ್ಟೋ ಅನುಕೂಲ. ಹೋಟೆಲಿನ ಗಲ್ಲೆಯಲ್ಲಿ ಕುಳಿತವರೂ, ಕಚೇರಿಯ ಗುಮಾಸ್ತರೂ, ಅಡಿಗೆಯ ಕೋಣೆಯಿಂದ ಮೇಲೆ ಬಂದು ಪಾಲುದಾರರಾದವರೂ ಬೋನಸ್ಸಿನ ಹಣವನ್ನೂ ಚೀಟಿಯ ಹಣವನ್ನೂ ಕೂಡಿಸಿ ಕಾರನ್ನು ಕೊಳ್ಳುತ್ತಾರೆ. ಆದರೆ ಹೀಗೆ ಕೊಳ್ಳುವ ಕಾರು ಬಹುಪಾಲು ಸೆಕೆಂಡ್‌ಹ್ಯಾಂಡ್ ಕಾರೇ ಆಗಿರುತ್ತದೆ. ಅದರ ಹಿಂದಿನ ಒಡೆಯನ ಒಳ್ಳೆಯ ಅಭ್ಯಾಸಗಳೂ ಕೆಟ್ಟ ಹುಚ್ಚುಗಳೂ ಕಾರಿನೊಡನೆ ನಮ್ಮ ಪಾಲಿಗೆ ಬರುತ್ತವೆ.

ಅಂತಹ ಹುಚ್ಚುಗಳಲ್ಲಿ ಒಂದನ್ನು ಕುರಿತು ಇಂದು ಬರೆಯುವ ಅವಶ್ಯಕತೆ ಕಂಡುಬಂದಿದೆ. ಕಾರಿನ ಗಾಲಿಗಳು ಮಡ್‌ಗಾರ್ಡಿನ ಅಂಚಿಗೆ ಸಮನಾಗಿ, ಅಥವಾ ಅದಕ್ಕೂ ತುಸು ಹೊರಗೆ, ಅಗಲವಾಗಿ ನಿಂತಿರಬೇಕೆಂದು ಈಗಿನ ತರುಣರು ಬಯಸುತ್ತಾರೆ. ಇದಕ್ಕಾಗಿ ಹಬ್ಬಿಗೂ ಗಾಲಿಗೂ ನಡುವೆ ಲೋಹದ ದುಂಡು ಬಿಲ್ಲೆಯೊಂದನ್ನು ಸೇರಿಸುತ್ತಾರೆ. ಇದಕ್ಕೆ ಸ್ಪೇಸರ್ ಎಂದು ಹೆಸರು. ಮೂರು ಮಿಲಿಮೀಟರಿನಿಂದ ಐವತ್ತು ಮಿಲಿಮೀಟರಿನ ವರೆಗಿನ ದಪ್ಪದ ಬಿಲ್ಲೆಗಳು ಪೇಟೆಯಲ್ಲಿ ಸಿಗುತ್ತವೆ. ಒಂದು ಜಾತಿಯ ಕಾರಿಗೆ ಬೇರೊಂದು ಜಾತಿಯ ಗಾಲಿಯನ್ನು ಕೂಡಿಸಲು ಉಪಯೋಗಿಸುವ ದಪ್ಪ ಬಿಲ್ಲೆಗೆ ಅಡಾಪ್ಟರ್ ಎನ್ನುತ್ತಾರೆ. ಮುಂಬಯಿಯ ಕುರ್ಲಾ, ದಿಲ್ಲಿಯ ಕರೋಲ್ ಬಾಗ್, ಚೆನ್ನೈಯ ಪುದುಪೇಟೆ, ಬೆಂಗಳೂರಿನ ಜೆ.ಸಿ. ರಸ್ತೆ ಮುಂತಾದ ಮೋಟಾರು ಸಾಮಾನಿನ ಪೇಟೆಗಳನ್ನು ಬಲ್ಲವರಿಗೆ ಇವು ಹೊಸ ಪದಾರ್ಥಗಳಲ್ಲ.

ಇವುಗಳನ್ನು ಹಾಕುವುದು ಕ್ಷೇಮವೇ, ಅಪಾಯವೇ ಎಂದು ಕೇಳಿದರೆ, ಮಾರುವವನು ಏನೂ ಆಗದೆನ್ನುತ್ತಾನೆ, ಕಾಣದವನು ಗಾಲಿ ಕಳಚಿ ಬೀಳುತ್ತದೆನ್ನುತ್ತಾನೆ. ಸತ್ಯವು ಇವೆರಡರ ನಡುವೆ ಇದೆ. ಅದನ್ನು ತಿಳಿಯಬೇಕಾದರೆ ಗಾಲಿಯು ಕಾರಿಗೆ ಹೇಗೆ ಅಂಟಿಕೊಂಡಿದೆ ಎಂಬುದನ್ನು ಮೊದಲು ತಿಳಿಯಬೇಕು.

ಗಾಲಿಯನ್ನು ಹಿಡಿದಿರುವುದು ಯಾವುದು?

ನಾಲ್ಕೈದು ಸ್ಟಡ್ಡುಗಳ ಮೇಲೆ ಗಾಲಿಯು ನೇತಾಡುತ್ತಿದೆ ಎಂದು ಸಾಮಾನ್ಯರು ಭಾವಿಸುವುದುಂಟು. ಅದು ಹಾಗಲ್ಲ. ಮನೆಯ ಇಡ್ಲಿ ಸ್ಟ್ಯಾಂಡನ್ನು ನೆನೆಯಿರಿ. ನಡುವಿನ ಕಂಬಿಗೆ ತಟ್ಟೆಗಳನ್ನು ಪೋಣಿಸಿ ಮೇಲೆ ಸ್ಕ್ರೂ ಬಿಗಿದಾಗ, ತಟ್ಟೆಗಳು ಅಲುಗದಿರುವುದು ಕಂಬಿಯ ಬಲದಿಂದಲ್ಲ, ಸ್ಕ್ರೂವಿನ ಒತ್ತುವಿಕೆಯಿಂದ. ಸ್ಕ್ರೂ ಸಡಿಲಾದ ಕೂಡಲೆ ಕಂಬಿ ಇದ್ದಂತೆಯೇ ಇದ್ದರೂ ತಟ್ಟೆಗಳು ಗಡಗಡನೆ ಅಲುಗುತ್ತವೆ. ಕಾರಿನ ಗಾಲಿಯೂ ಹಾಗೆಯೇ. ನಟ್ಟನ್ನು ಸರಿಯಾಗಿ ಬಿಗಿದಾಗ ಒಂದೊಂದು ಸ್ಟಡ್ಡೂ ಕಣ್ಣಿಗೆ ಕಾಣದಷ್ಟು ಹಿಗ್ಗಿ, ಟನ್ನುಗಳ ಲೆಕ್ಕದ ಬಲದಿಂದ ಗಾಲಿಯನ್ನು ಹಬ್ಬಿಗೆ ಒತ್ತಿ ಹಿಡಿಯುತ್ತದೆ. ಆ ಒತ್ತಡದಿಂದ ಎರಡು ಲೋಹದ ಮುಖಗಳ ನಡುವೆ ಉಂಟಾಗುವ ಘರ್ಷಣೆಯೇ ಬ್ರೇಕಿನ ಎಳೆತವನ್ನೂ ಹೊಂಡದ ಹೊಡೆತವನ್ನೂ ತಾಳಿಕೊಳ್ಳುತ್ತದೆ. ಒತ್ತಡವು ಕಡಿಮೆಯಾದರೆ ಮುಖಗಳು ಒಂದರ ಮೇಲೊಂದು ಜಾರುತ್ತವೆ. ಭಾರವೆಲ್ಲ ಸ್ಟಡ್ಡುಗಳ ಮೇಲೆ ಬೀಳುತ್ತದೆ. ಸ್ಟಡ್ಡು ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ಬಾಗತೊಡಗುತ್ತದೆ.

ತಂತಿಯೊಂದನ್ನು ಅತ್ತಿತ್ತ ಬಾಗಿಸಿ ಮುರಿಯುವುದನ್ನು ಎಲ್ಲರೂ ಬಲ್ಲರು. ಸಾಮಾನ್ಯ ಸಣ್ಣ ಕಾರಿನ ಗಾಲಿಯು ಒಂದು ಕಿಲೋಮೀಟರಿನಲ್ಲಿ ಐನೂರಕ್ಕೂ ಮಿಕ್ಕಿ ಸುತ್ತು ತಿರುಗುತ್ತದೆ. ಮುಂಬಯಿಯಿಂದ ಮಂಗಳೂರಿನ ವರೆಗಿನ ಸುಮಾರು 900 ಕಿಲೋಮೀಟರಿನ ಹಾದಿಯಲ್ಲಿ ಅದು ನಾಲ್ಕೂವರೆ ಲಕ್ಷ ಸಲ ತಿರುಗುತ್ತದೆಂದಾಯಿತು. ಸಡಿಲಾದ ಗಾಲಿಯ ಸ್ಟಡ್ಡು ಅಷ್ಟು ಸಲವೂ ಬಾಗಬೇಕು. ಉಕ್ಕಾದರೂ ಎಷ್ಟೆಂದು ತಾಳೀತು? ಮೊದಲು ಒಂದು ಸ್ಟಡ್ಡು ಮುರಿಯುತ್ತದೆ. ಅದರ ಭಾರವು ಉಳಿದವುಗಳ ಪಾಲಿಗೆ ಬಂದು, ಅವು ಇನ್ನೂ ಬೇಗನೆ ಮುರಿಯುತ್ತವೆ. ಸ್ಪೇಸರಿನ ವಿಚಾರದಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ ಇದೊಂದೇ: ಬಿಲ್ಲೆಯನ್ನು ಸೇರಿಸಿದ ಮೇಲೆಯೂ ಈ ಒತ್ತುವಿಕೆ ಮೊದಲಿನಂತೆಯೇ ಉಳಿದಿದೆಯೇ?

ತೆಳುವಾದ ಬಿಲ್ಲೆಯ ತೊಂದರೆ

ಮೂರು, ಐದು ಮಿಲಿಮೀಟರಿನ ತೆಳು ಬಿಲ್ಲೆಯಿಂದ ಏನಾದೀತು ಎಂದು ಹಲವರು ಹಗುರಾಗಿ ಮಾತನಾಡುತ್ತಾರೆ. ಆದರೆ ಅಪಾಯವು ಅನೇಕ ವೇಳೆ ಇಲ್ಲಿಯೇ ಇರುತ್ತದೆ. ಬಿಲ್ಲೆಯನ್ನು ಸೇರಿಸಿ, ಹಳೆಯ ಸ್ಟಡ್ಡುಗಳನ್ನೇ ಉಳಿಸಿಕೊಂಡರೆ, ಬಿಲ್ಲೆಯ ದಪ್ಪದಷ್ಟು ಮರೆಯು ನಟ್ಟಿಗೆ ಸಿಗದೆ ಹೋಗುತ್ತದೆ. ಸ್ಟಡ್ಡಿನ ದಪ್ಪವೆಷ್ಟೋ ಕನಿಷ್ಠ ಅಷ್ಟು ಉದ್ದದ ಮರೆಯನ್ನಾದರೂ ನಟ್ಟು ಕಚ್ಚಿ ಹಿಡಿದಿರಬೇಕೆಂಬುದು ಕಸಬಿನವರ ಸಾಮಾನ್ಯ ನಿಯಮ. ಹನ್ನೆರಡು ಮಿಲಿಮೀಟರ್ ದಪ್ಪದ, ಒಂದೂವರೆ ಮಿಲಿಮೀಟರ್ ಮರೆಯ ಸ್ಟಡ್ಡಾದರೆ ನಟ್ಟು ಎಂಟು ಪೂರ್ಣ ಸುತ್ತು ಒಳಗೆ ಹೋಗಬೇಕು. ನಾಲ್ಕೈದು ಸುತ್ತಿಗೇ ನಟ್ಟು ಬಿಗಿಯಾಗಿ ನಿಂತರೆ ಅದನ್ನು ಬಿಗಿಯೆಂದು ತಿಳಿಯಬಾರದು. ಗ್ಯಾರೇಜಿನಲ್ಲಿ ಅದು ಬಿಗಿಯಾಗಿಯೇ ಇರುತ್ತದೆ. ಮರೆಯು ಹರಿದುಹೋಗುವುದು ದಾರಿಯಲ್ಲಿ.

ಎರಡನೆಯದಾಗಿ, ಹಬ್ಬಿನ ನಡುವೆ ದುಂಡಾದ ಕಂಠವೊಂದು ಹೊರಚಾಚಿರುತ್ತದೆ. ಪಾತ್ರೆಯ ಬಾಯೊಳಗೆ ಇಳಿದು ಕೂರುವ ಮುಚ್ಚಳವು ಹೇಗೆ ಜಾರುವುದಿಲ್ಲವೋ ಹಾಗೆ, ಗಾಲಿಯ ನಡುವಿನ ತೂತು ಈ ಕಂಠದ ಮೇಲೆ ಕುಳಿತು ಕೇಂದ್ರವನ್ನು ಕಾಯ್ದುಕೊಳ್ಳುತ್ತದೆ. ಬಿಲ್ಲೆಯು ಆ ಕಂಠವನ್ನು ನುಂಗಿಬಿಟ್ಟರೆ, ಮತ್ತು ಬಿಲ್ಲೆಗೆ ತನ್ನದೇ ಆದ ಕಂಠವಿಲ್ಲದಿದ್ದರೆ, ಗಾಲಿಯು ಕೇಂದ್ರ ತಪ್ಪಿ ಕೂರುವ ಸಂಭವವುಂಟು. ಹಾಗೆ ಕುಳಿತಾಗ ಕಾರು ವೇಗಕ್ಕೆ ಬಂದೊಡನೆ ಸ್ಟಿಯರಿಂಗು ನಡುಗತೊಡಗುತ್ತದೆ. ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಆ ನಡುಕ ಹೋಗುವುದಿಲ್ಲ.

ಇನ್ನು ಕೆಲವರು ಬಿಲ್ಲೆಗೂ ಹಣ ಹಾಕದೆ, ಸ್ಟಡ್ಡುಗಳಿಗೆ ಎರಡೆರಡು ವಾಷರುಗಳನ್ನು ಪೋಣಿಸಿ ಗಾಲಿಯನ್ನು ಹೊರಕ್ಕೆ ತಳ್ಳುವುದುಂಟು. ಇದು ಶುದ್ಧ ಅವಿವೇಕ. ಗಾಲಿಯ ಮುಖವು ಪೂರ್ಣವಾಗಿ ಒತ್ತಿಕೊಳ್ಳಬೇಕಾದಲ್ಲಿ ನಾಲ್ಕು ಚಿಕ್ಕ ಬಿಂದುಗಳ ಮೇಲೆ ಮಾತ್ರ ನಿಲ್ಲುತ್ತದೆ. ಒಂದರ ಮೇಲೊಂದು ಎರಡು ಬಿಲ್ಲೆಗಳನ್ನು ಪೇರಿಸುವುದೂ ಇಷ್ಟೇ ಹೇಯವಾದ ಕೆಲಸ.

ದಪ್ಪ ಬಿಲ್ಲೆಯೂ ಅಡಾಪ್ಟರೂ

ದಪ್ಪವಾದ ಬಿಲ್ಲೆಯನ್ನು ಮೊದಲು ಕಾರಿನ ಸ್ಟಡ್ಡುಗಳಿಗೆ ಬೇರೆ ನಟ್ಟುಗಳಿಂದ ಬಿಗಿಯುತ್ತಾರೆ. ಬಿಲ್ಲೆಯಲ್ಲಿಯೇ ನೆಟ್ಟಿರುವ ಇನ್ನೊಂದು ಸಾಲು ಸ್ಟಡ್ಡುಗಳಿಗೆ ಗಾಲಿಯನ್ನು ಬಿಗಿಯುತ್ತಾರೆ. ಮರೆಯು ಕಡಿಮೆಯಾಗುವ ತೊಂದರೆ ಇದರಲ್ಲಿಲ್ಲ. ಆದರೆ ಒಂದು ಬಿಗಿತದ ಬದಲು ಎರಡು ಬಿಗಿತಗಳಾದವು. ಅವುಗಳಲ್ಲಿ ಒಳಗಿನದು ಕಣ್ಣಿಗೆ ಬೀಳುವುದಿಲ್ಲ. ಗಾಲಿಯನ್ನು ಬಿಚ್ಚದ ಹೊರತು ಅದನ್ನು ಪರೀಕ್ಷಿಸುವಂತಿಲ್ಲ. ಬಿಲ್ಲೆಯ ದಪ್ಪವು ಕಾರಿನ ಮೂಲ ಸ್ಟಡ್ಡುಗಳ ಉದ್ದಕ್ಕಿಂತ ಕಡಿಮೆಯಾಗಿದ್ದರೆ ಆ ಸ್ಟಡ್ಡುಗಳ ತುದಿಗಳು ಹೊರಗೆ ಇಣುಕಿ ಗಾಲಿಯ ಬೆನ್ನಿಗೆ ತಾಗುತ್ತವೆ. ಆಗ ಹೊರಗಿನ ನಟ್ಟುಗಳನ್ನು ಎಷ್ಟು ಬಿಗಿದರೂ ಗಾಲಿಯು ಬಿಲ್ಲೆಗೆ ಒತ್ತಿ ಕೂರುವುದಿಲ್ಲ.

ನಮ್ಮ ಪರಿಚಯದ ಹೋಟೆಲ್ ಮ್ಯಾನೇಜರರೊಬ್ಬರು ಕೊಂಡ ಸೆಕೆಂಡ್‌ಹ್ಯಾಂಡ್ ಕಾರು ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗಕ್ಕೆ ಬಂದಾಗಲೆಲ್ಲ ನಡುಗುತ್ತಿತ್ತು. ಮೂರು ಸಲ ಬ್ಯಾಲೆನ್ಸಿಂಗ್ ಆಯಿತು, ಟಾಯರೂ ಬದಲಾಯಿತು. ಕೊನೆಗೆ ವಯಸ್ಸಾದ ಮೇಸ್ತ್ರಿಯೊಬ್ಬರು ಮುಂದಿನ ಎಡಗಾಲಿಯನ್ನು ಬಿಚ್ಚಿ, ಹಿಂದಿದ್ದ ದಪ್ಪ ಬಿಲ್ಲೆಯನ್ನು ತೋರಿಸಿದರು. ಒಳಗಿನ ನಾಲ್ಕು ನಟ್ಟುಗಳಲ್ಲಿ ಎರಡು ಕೈಬೆರಳಿನಿಂದಲೇ ತಿರುಗುತ್ತಿದ್ದವು. ಮಾರಿದವನು ಬಿಲ್ಲೆಯ ಸುದ್ದಿಯನ್ನೇ ಎತ್ತಿರಲಿಲ್ಲ. ಮುಂದಿನ ವಾರವೇ ಆ ಮ್ಯಾನೇಜರರು ಹೆಂಡತಿಮಕ್ಕಳೊಡನೆ ಊರಿಗೆ ಹೊರಡುವವರಿದ್ದರು.

ಅಡಾಪ್ಟರಿನ ಸಂಗತಿಯಲ್ಲಿ ಇನ್ನೂ ಒಂದು ತೊಡಕುಂಟು. ಸ್ಟಡ್ಡುಗಳು ನಿಂತಿರುವ ವೃತ್ತದ ಅಳತೆ ಎಲ್ಲ ಕಾರುಗಳಲ್ಲಿಯೂ ಒಂದೇ ಅಲ್ಲ. ಮಾರುತಿ ಸ್ವಿಫ್ಟಿನಲ್ಲಿ 100 ಮಿಲಿಮೀಟರ್ ವೃತ್ತದ ಮೇಲೆ ನಾಲ್ಕು ಸ್ಟಡ್ಡುಗಳಿವೆ. ಟೊಯೋಟಾ ಇನ್ನೋವಾದಲ್ಲಿ 114.3 ಮಿಲಿಮೀಟರ್ ವೃತ್ತದ ಮೇಲೆ ಐದು. ಸಣ್ಣ ಕಾರಿಗೆ ದೊಡ್ಡ ಕಾರಿನ ಅಲಾಯ್ ಗಾಲಿ ಕೂಡಬೇಕೆಂದು ಅಡಾಪ್ಟರ್ ಹಾಕಿಸಿದವರು ಸ್ಟೆಪ್ನಿಯ ವಿಚಾರವನ್ನು ಮರೆತಿರುತ್ತಾರೆ. ಡಿಕ್ಕಿಯಲ್ಲಿರುವ ಸ್ಟೆಪ್ನಿಯು ಮೂಲ ಅಳತೆಯದು. ಹೊರಗೆ ನಿಂತಿರುವ ಅಡಾಪ್ಟರಿನ ಸ್ಟಡ್ಡುಗಳು ಹೊಸ ಅಳತೆಯವು. ನಡುರಾತ್ರಿಯಲ್ಲಿ ಘಟ್ಟದ ನಡುವೆ ಪಂಕ್ಚರಾದರೆ ಸ್ಟೆಪ್ನಿಯು ಕೂರುವುದೇ ಇಲ್ಲ. ಅಡಾಪ್ಟರನ್ನೇ ಬಿಚ್ಚಿ ತೆಗೆಯಬೇಕು. ಮಳೆಗಾಲದ ಕೆಸರು ನೀರೂ ಕರಾವಳಿಯ ಉಪ್ಪುಗಾಳಿಯೂ ತಾಗಿ ಅಲ್ಯೂಮಿನಿಯಮ್ ಬಿಲ್ಲೆಯು ಉಕ್ಕಿನ ಹಬ್ಬಿಗೆ ಕಚ್ಚಿಕೊಂಡಿದ್ದರೆ ಅದನ್ನು ಸುತ್ತಿಗೆಯಿಲ್ಲದೆ ತೆಗೆಯುವುದು ಕಷ್ಟ. ಹೆಂಗಸರು ಮಕ್ಕಳು ಕಾರಿನಲ್ಲಿರುವಾಗ ಇದು ಎಂತಹ ಸಂಕಟವೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಬೇರಿಂಗಿನ ಮೇಲಿನ ಭಾರ

ಅನುಭವಿಯಾದ ಮಾಣಿಯು ತುಂಬಿದ ತಟ್ಟೆಗಳನ್ನು ಹೆಗಲಿಗೆ ಸಮೀಪವಾಗಿ ಹಿಡಿದು ನಡೆಯುತ್ತಾನೆ. ಅದೇ ಭಾರವನ್ನು ಕೈ ಚಾಚಿ ಹಿಡಿಯಲು ಹೇಳಿದರೆ ಎರಡು ನಿಮಿಷದಲ್ಲಿ ತೋಳು ಸೋಲುತ್ತದೆ. ಭಾರ ಹೆಚ್ಚಾಗಲಿಲ್ಲ, ದೂರ ಹೆಚ್ಚಾಯಿತು. ಗಾಲಿಯನ್ನು ಹೊರಕ್ಕೆ ತಳ್ಳಿದಾಗ ಬೇರಿಂಗಿನ ಪಾಡೂ ಇದೇ. ಒಂದು ಗಾಲಿಯ ಮೇಲೆ 300 ಕಿಲೋ ಭಾರವಿದೆಯೆಂದು ಇಟ್ಟುಕೊಂಡು 25 ಮಿಲಿಮೀಟರಿನ ಬಿಲ್ಲೆ ಹಾಕಿದರೆ, ಒಂದು ಮೀಟರ್ ಉದ್ದದ ಸಲಾಕೆಯ ತುದಿಗೆ ಏಳೂವರೆ ಕಿಲೋ ತೂಗಹಾಕಿದಷ್ಟು ಹೆಚ್ಚಿನ ತಿರುಚುವಿಕೆ ಬೇರಿಂಗಿಗೆ ನಿತ್ಯವೂ ತಗಲುತ್ತದೆ. ಬಾಲ್ ಬೇರಿಂಗಿನ ಮೇಲಿನ ಭಾರವು ಕಾಲು ಪಾಲಿಗಿಂತ ತುಸು ಹೆಚ್ಚಾದರೆ ಅದರ ಆಯುಷ್ಯವು ಅರ್ಧಕ್ಕೆ ಇಳಿಯುತ್ತದೆಂಬುದು ಯಂತ್ರಶಾಸ್ತ್ರದ ಲೆಕ್ಕ. ಹೊಂಡಗಳ ರಸ್ತೆಯಲ್ಲಿ ಐದು ಜನರೂ ಡಿಕ್ಕಿ ತುಂಬ ಸಾಮಾನೂ ಇದ್ದಾಗ ಇದರ ಪರಿಣಾಮ ಬೇಗನೆ ಕಾಣಿಸುತ್ತದೆ.

ಸ್ಟಿಯರಿಂಗಿಗೂ ಇದರ ಬಿಸಿ ತಟ್ಟದಿರದು. ಮುಂದಿನ ಗಾಲಿಯು ಯಾವ ಗೆರೆಯ ಸುತ್ತ ತಿರುಗುತ್ತದೆಯೋ ಆ ಗೆರೆ ನೆಲವನ್ನು ಮುಟ್ಟುವ ಸ್ಥಳಕ್ಕೂ, ಟಾಯರಿನ ನಡುಭಾಗಕ್ಕೂ ಇರುವ ಅಂತರವನ್ನು ಕಾರಿನ ತಯಾರಕರು ಲೆಕ್ಕ ಹಾಕಿ ನಿಗದಿಪಡಿಸಿರುತ್ತಾರೆ. ಬಿಲ್ಲೆಯು ಆ ಲೆಕ್ಕವನ್ನು ಕೆಡಿಸುತ್ತದೆ. ಒಂದು ಗಾಲಿ ಒದ್ದೆಯ ಮೇಲೂ ಇನ್ನೊಂದು ಒಣನೆಲದ ಮೇಲೂ ಇರುವಾಗ ಬ್ರೇಕು ಹಾಕಿದರೆ ಸ್ಟಿಯರಿಂಗು ಕೈಯಿಂದ ಕಿತ್ತುಕೊಳ್ಳುವಂತೆ ಒಂದು ಪಕ್ಕಕ್ಕೆ ಎಳೆಯಬಹುದು.

ಸ್ಪೇಸರಿನ ಪರವಾಗಿ ಒಂದು ಮಾತು

ಇಷ್ಟೆಲ್ಲ ಹೇಳಿದ ಮೇಲೆ, ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಬಿಲ್ಲೆಯೆಂಬುದು ಸ್ವಭಾವತಃ ಪಾಪದ ವಸ್ತುವಲ್ಲ. ಜರ್ಮನಿಯ ಪೋರ್ಷೆ ಕಂಪನಿಯವರು ತಮ್ಮ ಕೆಲವು ಕಾರುಗಳಿಗೆ ತಾವೇ ಸ್ಪೇಸರುಗಳನ್ನು ಒದಗಿಸಿದ್ದುಂಟು. ಅಲ್ಲಿ ಆ ಕಾರಿಗೆಂದೇ ಅಳತೆ ಮಾಡಿದ ಬಿಲ್ಲೆ, ಅದಕ್ಕೆ ಹೊಂದುವ ಉದ್ದದ ಬೋಲ್ಟು, ಬಿಗಿಯಬೇಕಾದ ಪ್ರಮಾಣ, ಇವೆಲ್ಲವೂ ಬರವಣಿಗೆಯಲ್ಲಿ ಇರುತ್ತವೆ. ಹೊರಗಿನವರು ತಯಾರಿಸಿದ ಸ್ಪೇಸರಾದರೆ ಜರ್ಮನಿಯಲ್ಲಿ ಅದಕ್ಕೆ ಪರೀಕ್ಷೆಯ ಪ್ರಮಾಣಪತ್ರವಿರಬೇಕು. ಬಹುಪಾಲು ಸಂದರ್ಭಗಳಲ್ಲಿ ಅದನ್ನು ಕಾರಿಗೆ ಹಾಕಿದ ಮೇಲೆ ತಜ್ಞರಿಗೆ ತೋರಿಸಿ ಒಪ್ಪಿಗೆಯನ್ನೂ ಪಡೆಯಬೇಕು. ಅಲ್ಲಿ ಕ್ಷೇಮವನ್ನು ಕಾಯುತ್ತಿರುವುದು ಈ ಶಿಸ್ತು. ನಮ್ಮ ಪೇಟೆಯಲ್ಲಿ ಸಿಗುವ, ತಯಾರಕನ ಹೆಸರಿಲ್ಲದ, ಎರಕ ಹೊಯ್ದ ಬಿಲ್ಲೆಗೆ ಆ ಶಿಸ್ತಿನ ಗೌರವ ಸಲ್ಲದು. ಎರಕದ ಅಲ್ಯೂಮಿನಿಯಮ್ಮಿನ ಒಳಗೆ ಗಾಳಿಗುಳ್ಳೆಗಳಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಅದು ಬಾಗದೆ ಒಮ್ಮೆಲೆ ಬಿರಿಯುತ್ತದೆ. ಒಳ್ಳೆಯ ಬಿಲ್ಲೆಯನ್ನು ಒತ್ತಿ ಹದಗೊಳಿಸಿದ ಗಟ್ಟಿ ಅಲ್ಯೂಮಿನಿಯಮ್ಮಿನಿಂದಲೋ ಉಕ್ಕಿನಿಂದಲೋ ಕಡೆದು ಮಾಡಿರುತ್ತಾರೆ.

ಕಾನೂನಿನ ಸಂಗತಿ

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ರಿಜಿಸ್ಟ್ರೇಷನ್ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ನಮೂದಿಸಿದ್ದಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಹೊಸ ರೂಪ ಪಡೆದ 182ಎ ಕಲಮು, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳ ವರೆಗಿನ ಸೆರೆಮನೆಯನ್ನಾಗಲಿ, ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡವನ್ನಾಗಲಿ, ಎರಡನ್ನೂ ಆಗಲಿ ವಿಧಿಸಬಹುದೆನ್ನುತ್ತದೆ. ಈ ಎರಡು ಕಲಮುಗಳಲ್ಲಿಯೂ ಸ್ಪೇಸರೆಂಬ ಶಬ್ದವಿಲ್ಲ. ಆದರೆ ಅಪಘಾತದ ನಂತರ ವಾಹನವನ್ನು ಪರೀಕ್ಷಿಸುವ ಅಧಿಕಾರಿಯೂ, ವಿಮಾ ಕಂಪನಿಯ ಸರ್ವೇಯರನೂ ತಿಳಿಸದೆ ಹಾಕಿದ ಬಿಲ್ಲೆಯನ್ನು ಕಂಡರೆ ಪ್ರಶ್ನೆ ಎತ್ತದೆ ಬಿಡಲಾರರು. ತಿಂಗಳ ಸಂಬಳದ ಮೇಲೆ ಸಂಸಾರ ನಡೆಸುವವನಿಗೆ ವಿಮೆಯ ಹಣಕ್ಕೆ ತಡೆಯೊಡ್ಡಿದರೆ ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಯಾವುದು?

ನಮ್ಮವರು ಮಾಡತಕ್ಕದ್ದೇನು?

ಸೆಕೆಂಡ್‌ಹ್ಯಾಂಡ್ ಕಾರನ್ನು ಕೊಳ್ಳುವವರು ಬಣ್ಣವನ್ನೂ ಸೀಟನ್ನೂ ನೋಡುವ ಮುನ್ನ ಕಾರಿನ ಮುಂದೆಯೂ ಹಿಂದೆಯೂ ನಿಂತು ಗಾಲಿಗಳನ್ನು ನೋಡಲಿ. ಟಾಯರು ಮಡ್‌ಗಾರ್ಡಿನಿಂದ ಹೊರಗೆ ಬಂದಿದ್ದರೆ ಸಂಶಯಪಡತಕ್ಕದ್ದು. ಮಡ್‌ಗಾರ್ಡಿನ ಒಳಗೆ ಟಾಯರು ಉಜ್ಜಿದ ಗುರುತಿದೆಯೇ ಎಂದು ಕೈಯಾಡಿಸಿ ನೋಡಲಿ. ಬಳಿಕ ಜಾಕಿನಿಂದ ಎತ್ತಿ, ಕನಿಷ್ಠ ಮುಂದಿನದೊಂದು ಹಿಂದಿನದೊಂದು ಗಾಲಿಯನ್ನು ಬಿಚ್ಚಿಸಿ ಕಣ್ಣಾರೆ ನೋಡಲಿ. ನಟ್ಟು ಎಷ್ಟು ಸುತ್ತಿಗೆ ಹೊರಗೆ ಬರುತ್ತದೆಂಬುದನ್ನು ಎಣಿಸಲಿ. ಡಿಕ್ಕಿಯ ಸ್ಟೆಪ್ನಿಯನ್ನು ಅಲ್ಲಿಯೇ ಕೂಡಿಸಿ ನೋಡಲಿ. ಇದಕ್ಕೆ ಅರ್ಧ ಗಂಟೆ ಸಾಕು. ಮಾರುವವನು ಒಲ್ಲೆನೆಂದರೆ ಆ ಕಾರೇ ನಮಗೆ ಬೇಡ.

ಬಿಲ್ಲೆಯಿದ್ದರೆ ತೆಗೆಸಿಬಿಡುವುದೇ ಮೇಲು. ತೆಗೆದ ಮೇಲೆ ಗಾಲಿಯು ಒಳಗೆ ತಾಗುವುದಾದರೆ, ಆ ಗಾಲಿಯೇ ಆ ಕಾರಿನದಲ್ಲವೆಂದು ತಿಳಿದು, ಕಾರಿನ ಮೂಲ ಅಳತೆಯ ಗಾಲಿಯನ್ನು ಕೊಳ್ಳಬೇಕು. ಕಬ್ಬಿಣದ ಸಾದಾ ಡಿಸ್ಕಾದರೂ ಸರಿಯೇ. ಅಲಾಯ್ ಗಾಲಿಯ ಆಸೆಯಿದ್ದರೆ ಸ್ಟಡ್ಡುಗಳ ವೃತ್ತ, ನಡುವಿನ ತೂತು, ಆಫ್‌ಸೆಟ್ ಈ ಮೂರೂ ಅಳತೆಗಳು ಹೊಂದುವ ಗಾಲಿಯನ್ನೇ ಕೇಳಿ ತೆಗೆದುಕೊಳ್ಳಬಹುದು. ಆಗ ಬಿಲ್ಲೆಯ ಗೊಡವೆಯೇ ಬೇಡ.

ಬಿಲ್ಲೆಯಿರಲಿ ಇಲ್ಲದಿರಲಿ, ಗಾಲಿಯನ್ನು ಬಿಚ್ಚಿ ಹಾಕಿದಾಗಲೆಲ್ಲ ನೆನಪಿಡಬೇಕಾದ ಕೆಲವು ಮಾತುಗಳಿವೆ. ಕೂಡುವ ಮುಖಗಳಲ್ಲಿ ತುಕ್ಕು, ಕೆಸರು, ದಪ್ಪ ಬಣ್ಣ ಇರಕೂಡದು. ಅವು ಕ್ರಮೇಣ ಕುಸಿದು ಬಿಗಿತವು ಸಡಿಲಾಗುತ್ತದೆ. ಅಲಾಯ್ ಗಾಲಿಯ ನಟ್ಟೂ ಕಬ್ಬಿಣದ ಗಾಲಿಯ ನಟ್ಟೂ ಎಲ್ಲ ಕಾರುಗಳಲ್ಲಿ ಒಂದೇ ಆಕಾರದವಲ್ಲ. ಗಾಲಿಯ ಕುಳಿಗೆ ಹೊಂದುವ ನಟ್ಟನ್ನೇ ಉಪಯೋಗಿಸಬೇಕು. ನಟ್ಟುಗಳನ್ನು ಒಂದರ ಪಕ್ಕದಲ್ಲೊಂದಾಗಿ ಬಿಗಿಯದೆ, ಎದುರುಬದುರಾಗಿ ಹಂತಹಂತವಾಗಿ ಬಿಗಿಯಬೇಕು. ಗಾಳಿಯ ಗನ್ನಿನಿಂದ ಒಂದೇ ಏಟಿಗೆ ಬಿಗಿದರೆ ಸ್ಟಡ್ಡು ಅತಿಯಾಗಿ ಹಿಗ್ಗಿ ಬಲಗುಂದುತ್ತದೆ. ಎಷ್ಟು ಬಿಗಿಯಬೇಕೆಂಬುದು ಕಾರಿನ ಕೈಪಿಡಿಯಲ್ಲಿದೆ. ಸಣ್ಣ ಕಾರುಗಳಲ್ಲಿ ಅದು ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರಿನೊಳಗೆ ಇರುತ್ತದೆ. ಟಾರ್ಕ್ ರೆಂಚಿರುವ ಗ್ಯಾರೇಜಿನಲ್ಲಿ ಅಷ್ಟೇ ಬಿಗಿಸಿ, ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಬಳಿಕ ಮತ್ತೊಮ್ಮೆ ನೋಡಿಸತಕ್ಕದ್ದು. ದಾರಿಯಲ್ಲಿ ಹೊಸದಾಗಿ ನಡುಕವೋ, ತಿರುವಿನಲ್ಲಿ ಟಕ್ ಟಕ್ ಶಬ್ದವೋ, ನಟ್ಟಿನ ಬುಡದಿಂದ ಇಳಿದ ತುಕ್ಕಿನ ಗೆರೆಯೋ ಕಂಡರೆ ಮುಂದಿನ ಊರಿನ ವರೆಗೆ ಹೋಗೋಣವೆನ್ನದೆ ಅಲ್ಲಿಯೇ ಪಕ್ಕಕ್ಕೆ ನಿಲ್ಲಿಸಬೇಕು. ಕಳಚಿದ ಗಾಲಿಯು ಕಾರಿನಲ್ಲಿದ್ದವರನ್ನು ಮಾತ್ರ ಕಾಡುವುದಿಲ್ಲ. ಅದು ಉರುಳಿಹೋಗಿ ಯಾರೋ ನಿರಪರಾಧಿಯಾದ ದಾರಿಹೋಕನ ಪ್ರಾಣಕ್ಕೂ ಎರವಾಗಬಲ್ಲದು.

ನಮ್ಮ ಹಿರಿಯರು ಎತ್ತಿನ ಗಾಡಿಯನ್ನು ಹೂಡಿ ಜಾತ್ರೆಗೆ ಹೊರಡುವ ಮುನ್ನ ಅಚ್ಚಿನ ತುದಿಯ ಕಡಾಣಿಯನ್ನು ತಟ್ಟಿ ನೋಡುತ್ತಿದ್ದರು. ಕೈಬೆರಳುದ್ದದ ಆ ಕಡಾಣಿಯ ಮೇಲೆ ಗಾಡಿಯಲ್ಲಿದ್ದವರ ಜೀವ ನಿಂತಿದೆಯೆಂಬುದು ಅವರಿಗೆ ಗೊತ್ತಿತ್ತು. ಕಾರಿನ ನಟ್ಟೂ ಇಂದು ಅದೇ ಕಡಾಣಿ. ದುಡಿದು ಕೂಡಿಸಿದ ಹಣದಿಂದ ಕಾರು ಕೊಳ್ಳುವ ನಮ್ಮ ಬಂಧುಗಳು ಗಾಲಿಯ ಅಂದಕ್ಕೆ ಮನಸೋಲದೆ, ಅದರ ಹಿಂದೆ ಏನಿದೆಯೆಂಬುದನ್ನು ಒಮ್ಮೆ ಬಿಚ್ಚಿ ನೋಡಿಯೇ ಊರಿನ ಹಾದಿ ಹಿಡಿಯಬೇಕೆಂದು ನಾವು ಬಿನ್ನವಿಸುತ್ತೇವೆ.